ಗರಗಸದ ಎಣ್ಣೆ, ದೋಣಿಯ ಎಣ್ಣೆ

ನನ್ನ ಮಾವನಿಗೆ ವ್ಯಾಪಾರ ಮಾಡಲು ಬರುವುದಿಲ್ಲ, ವಿಚಾರಣೆ ಮಾಡಲು ಚೆನ್ನಾಗಿ ಬರುತ್ತದೆ. ಸೊಸೆಯಾಗಿ ಬಂದ ವಾರದೊಳಗೇ ನನಗದು ಗೊತ್ತಾಗಿಹೋಯಿತು. ಹೊಳೆದಂಡೆಯ ರಸ್ತೆಯಲ್ಲಿ ನಮ್ಮದು ಎಂಜಿನ್ ಎಣ್ಣೆಯ ಅಂಗಡಿ. ಹಿಂದೆ ಮನೆ, ನಡುವೆ ಒಂದು ಪರದೆ. ಯಾರಾದರೂ ಬಂದು "ಟೂ-ಸ್ಟ್ರೋಕ್ ಎಣ್ಣೆ ಕೊಡಿ" ಎಂದರೆ ಸಾಕು, ಮಾವ ಕನ್ನಡಕವನ್ನು ಹಣೆಗೇರಿಸುತ್ತಾರೆ.

"ಯಾವುದಕ್ಕೆ?"

"ಸ್ಕೂಟರ್‌ಗೆ."

"ಎಷ್ಟು ಹಳೇದು? ಎಣ್ಣೆಗೆ ಬೇರೆ ಟ್ಯಾಂಕ್ ಇದ್ಯೋ, ಪೆಟ್ರೋಲ್‌ಗೇ ಬೆರೆಸ್ತೀಯೋ? ಹೊಗೆ ಯಾವ ಬಣ್ಣ ಬರತ್ತೆ?"

ಹೊಗೆಯ ಬಣ್ಣಕ್ಕೆ ಬರುವಷ್ಟರಲ್ಲಿ ಅರ್ಧ ಜನ ಎದುರಂಗಡಿಗೆ ದಾಟಿರುತ್ತಾರೆ. ಅಲ್ಲಿ ಎಲ್ಲ ಎಂಜಿನ್‌ಗೂ ಒಂದೇ ಎಣ್ಣೆ, ಎಲ್ಲರಿಗೂ ಒಂದೇ ಹಲ್ಕಿರಿತ. ಆದರೂ ನಮ್ಮ ಅಂಗಡಿ ಮುಚ್ಚಿರಲಿಲ್ಲ. ಮಾವನ ಎಣ್ಣೆ ತಪ್ಪುವುದಿಲ್ಲ ಎಂಬ ಒಂದೇ ಹೆಸರಿನ ಮೇಲೆ ಅದು ನಡೆಯುತ್ತಿತ್ತು.

ಅವರ ಪಾಠವನ್ನು ನಾನು ನಿದ್ದೆಗಣ್ಣಲ್ಲೂ ಒಪ್ಪಿಸಬಲ್ಲೆ. ಈ ಟೂ-ಸ್ಟ್ರೋಕ್ ಎಂಜಿನ್‌ಗಳಲ್ಲಿ ಎಣ್ಣೆಯೂ ಪೆಟ್ರೋಲಿನ ಜೊತೆಗೇ ಸುಟ್ಟುಹೋಗುತ್ತದೆ. ಮರ ಕೊಯ್ಯುವ ಎಂಜಿನ್ ಗರಗಸಕ್ಕೆ ಗಾಳಿ ಬಿಟ್ಟರೆ ಬೇರೆ ತಂಪಿಲ್ಲ, ಕಾದು ಕೆಂಡವಾಗುತ್ತದೆ, ಶಾಖ ತಡೆಯುವ ಎಣ್ಣೆ ಬೇಕು. ದೋಣಿಯ ಎಂಜಿನ್ ಹೊಳೆಯ ನೀರೆಳೆದುಕೊಂಡು ತಣ್ಣಗಿರುತ್ತದೆ, ಅದಕ್ಕೆ ಬೂದಿ ಉಳಿಸದ ಎಣ್ಣೆ ಬೇಕು. ದೋಣಿಯದನ್ನು ಗರಗಸಕ್ಕೆ ಹಾಕಿದರೆ ಎಂಜಿನ್ ಸೀಜ್, ಒಳಗೇ ಕಚ್ಚಿಕೊಂಡು ಕೆಟ್ಟುಹೋಗುತ್ತದೆ. ಗರಗಸದ್ದನ್ನು ದೋಣಿಗೆ ಹಾಕಿದರೆ ಪ್ಲಗ್ಗಿಗೆ ಮಸಿ ಹಿಡಿದು ನಡುನೀರಲ್ಲಿ ನಿಂತುಬಿಡುತ್ತದೆ.

ಮಧ್ಯಾಹ್ನ ಮಾವ ಮಲಗಿದಾಗ ಅಂಗಡಿಯಲ್ಲಿ ಅತ್ತೆ ಕೂರುತ್ತಿದ್ದರು. ವಿಚಿತ್ರವೆಂದರೆ ವ್ಯಾಪಾರ ಆಗುತ್ತಿದ್ದುದೇ ಆಗ. ಯಾರಾದರೂ ಅದನ್ನು ಹೇಳಿದರೆ ಮಾವ ಮೂಗು ಮುರಿಯುತ್ತಿದ್ದರು: "ಅವಳಿಗೇನು ಗೊತ್ತು? ಬಾಟ್ಲಿ ಎತ್ತಿಕೊಡ್ತಾಳೆ, ಅಷ್ಟೆ." ನನಗೆ ಮೈಯೆಲ್ಲ ಉರಿಯುತ್ತಿತ್ತು. ಅತ್ತೆ ಮಾತ್ರ ಕೇಳಿಸದವರಂತೆ ಡಬ್ಬಿ ಒರೆಸುತ್ತಿದ್ದರು.

ಒಂದು ಬೆಳಿಗ್ಗೆ ಮರ ಕೊಯ್ಯುವವನೂ ದೋಣಿಯವನೂ ಒಟ್ಟಿಗೇ ಬಂದು ತಮ್ಮ ಪೆಟ್ರೋಲ್ ಕ್ಯಾನುಗಳನ್ನು ಕಟ್ಟೆಯ ಮೇಲಿಟ್ಟರು, ಎಣ್ಣೆ ಬೆರೆಸಿಕೊಡಿ ಎಂದು. ದೋಣಿಯವನು ಸುಮ್ಮನಿರಬಾರದೇ? "ಎಲ್ಲಾ ಎಣ್ಣೆನೂ ಒಂದೇ ಅಂತಾರಲ್ಲ ಯಜಮಾನ್ರೇ, ಎದುರಂಗಡಿಯವ್ರು?" ಎಂದುಬಿಟ್ಟ. ಮಾವನ ಪಿತ್ತ ನೆತ್ತಿಗೇರಿತು. ಎರಡು ಕೈಯಲ್ಲಿ ಎರಡು ಬಾಟಲಿ ಹಿಡಿದು ಪಾಠ ಶುರುಮಾಡಿದರು. ಪಾಠ ಹೇಳುತ್ತಲೇ ಅಳೆದರು, ಪಾಠ ಹೇಳುತ್ತಲೇ ಸುರಿದರು. ಇಬ್ಬರೂ ತಲೆ ತುಂಬಿಸಿಕೊಂಡು ಹೋದರು.

ಮರುದಿನ ಮರ ಕೊಯ್ಯುವವನು ಬಂದು ಒಂದು ಪಿಸ್ಟನ್ನನ್ನು ಕಟ್ಟೆಯ ಮೇಲೆ ಕುಕ್ಕಿದ. ಬೆಕ್ಕು ಪರಚಿದ ಹಾಗೆ ಅದರ ಮೈತುಂಬ ಗೀರು.

"ನಿಮ್ಮ ಎಣ್ಣೆ ಹಾಕಿದ್ದಕ್ಕೆ ಮಷೀನ್ ಸೀಜ್ ಆಯ್ತು! ನಿಮ್ಮ ಬಿಟ್ಟು ಬೇರೆ ಕಡೆ ಕಾಲಿಟ್ಟೋನಲ್ಲ ನಾನು!"

ಜನ ಸೇರಿದರು. ಇಂಥದ್ದಕ್ಕೇ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ ಎದುರಂಗಡಿಯವನು ಟೀ ಲೋಟದ ಸಮೇತ ರಸ್ತೆ ದಾಟಿ ಬಂದ. ಮಾವ ಕ್ಯಾನಿನಲ್ಲಿ ಉಳಿದಿದ್ದ ಪೆಟ್ರೋಲನ್ನು ಗಾಜಿನ ಲೋಟಕ್ಕೆ ಬಗ್ಗಿಸಿದರು. ನಮ್ಮಲ್ಲಿ ಗರಗಸದ ಎಣ್ಣೆ ಕೆಂಪು, ದೋಣಿಯದು ನೀಲಿ. ಲೋಟದಲ್ಲಿದ್ದುದು ಅಪ್ಪಟ ನೀಲಿ.

ಮಾವನ ಮುಖದಲ್ಲಿ ರಕ್ತ ಉಳಿಯಲಿಲ್ಲ. ಇಡೀ ಅಂಗಡಿ ನಿಂತಿದ್ದ ಹೆಸರು ಆ ಲೋಟದಲ್ಲಿ ಮುಳುಗುತ್ತಿತ್ತು. ಮೊದಲ ಸಲ ನನಗೆ ಅವರ ಮೇಲೆ ನಿಜವಾಗಿ ಕನಿಕರ ಹುಟ್ಟಿತು.

ಅಷ್ಟರಲ್ಲಿ ಪರದೆ ಸರಿಸಿ ಅತ್ತೆ ಬಂದರು. ಲೋಟವನ್ನು ನೋಡಿದರು, ಗಂಡನ ಮುಖ ನೋಡಿದರು. "ಅವ್ರನ್ನ ಬೈಬೇಡಪ್ಪ. ಬೆರೆಸಿದ್ದು ನಾನು. ನನಗೆಲ್ಲಿ ಗೊತ್ತಾಗತ್ತೆ ಇದೆಲ್ಲ?"

ಮರ ಕೊಯ್ಯುವವನು ಕಕ್ಕಾಬಿಕ್ಕಿಯಾದ. ಹಿಂದಿನ ದಿನ ಕಟ್ಟೆಯ ಹಿಂದೆ ಯಾರು ನಿಂತಿದ್ದರೆಂದು ಅವನು ಕಣ್ಣಾರೆ ಕಂಡಿದ್ದ. ಆದರೆ ಎದುರಂಗಡಿಯವನು ಬಿಟ್ಟಾನೆಯೇ? "ಹೆಂಗಸರ ಕೈಗೆ ಎಣ್ಣೆ ಕೊಟ್ರೆ ಇನ್ನೇನಾಗತ್ತೆ!" ಎಂದು ಕಿಸಕ್ಕನೆ ನಕ್ಕ. ಸೇರಿದ್ದವರೂ ನಕ್ಕರು. ಮಾವ ಬಾಯಿ ಮುಚ್ಚಿಕೊಂಡಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು, ಹೆಸರೂ ಉಳಿಯುತ್ತಿತ್ತು.

"ಯಾರೋ ನಗೋದು?" ಎಂದು ಮಾವ ಗುಡುಗಿದರು. "ಇವಳು ತಪ್ಪು ಎಣ್ಣೆ ಹಾಕ್ತಾಳಾ? ಮುಚ್ಚಳ ತೆಗೆದ್ರೆ ಸಾಕು, ವಾಸನೆಯಲ್ಲೇ ಹೇಳ್ತಾಳೆ ಯಾವುದು ಅಂತ! ಈ ರಸ್ತೇಲಿ ಇವಳಷ್ಟು ತಿಳಿದೋರು ಯಾರೂ ಇಲ್ಲ. ನಾನೂ ಇಲ್ಲ! ತಪ್ಪು ಮಾಡಿದ್ದು ನಾನು. ಮಾತಾಡ್ತಾ ಮಾತಾಡ್ತಾ ಕೈ ಅದಲುಬದಲಾಯ್ತು."

ನಗು ನಿಂತಿತು. ಗುಂಪಿನ ಹಿಂದಿನಿಂದ ದೋಣಿಯವನು ಬಾಯಿಬಿಟ್ಟ. "ಹಂಗಾದ್ರೆ ನಿನ್ನೆ ನನ್ನ ಎಂಜಿನ್ ನಡುನೀರಲ್ಲಿ ಕೆಮ್ಮಿ ಕೆಮ್ಮಿ ನಿಂತಿದ್ದೂ ನಿಮ್ಮಿಂದ್ಲೇನಾ? ಜನರನ್ನೆಲ್ಲ ಹುಟ್ಟು ಹಾಕಿ ದಡ ಸೇರಿಸಿದೆ ನಾನು!"

"ಅದೂ ನಾನೇ," ಎಂದರು ಮಾವ.

"ಅಷ್ಟು ಚೆನ್ನಾಗಿ ಸುಳ್ಳು ಹೇಳಿದ್ದೆ, ಎಲ್ಲಾ ಹಾಳುಮಾಡಿದ್ರಿ," ಎಂದು ಅತ್ತೆ ಗೊಣಗಿದರು. ಆದರೆ ಅವರ ಕಣ್ಣು ತುಂಬಿತ್ತು. ಅವರ ಬಗ್ಗೆ ಒಂದು ಒಳ್ಳೆಯ ಮಾತನ್ನು ಮಾವನ ಬಾಯಿಂದ ಹೊರಡಿಸಲು ಒಂದು ಎಂಜಿನ್ ಸುಡಬೇಕಾಯಿತು, ಇನ್ನೊಂದು ನಡುನೀರಲ್ಲಿ ಕೆಡಬೇಕಾಯಿತು.

ಪಿಸ್ಟನ್ ತಾನೇ ಹಾಕಿಸಿಕೊಡುತ್ತೇನೆಂದು ಮಾವ ಒಪ್ಪಿಕೊಂಡರು. ಆಮೇಲೆ ಹೊಸದಾಗಿ ಬೆರೆಸಿಕೊಡಲು ಕ್ಯಾನಿಗೆ ಕೈಹಾಕಿದರು. ಮರ ಕೊಯ್ಯುವವನು ಅದರ ಬಾಯಿಗೆ ಅಂಗೈ ಅಡ್ಡ ಇಟ್ಟ.

"ನೀವು ಬಿಡಿ ಯಜಮಾನ್ರೇ. ಅಮ್ಮನೇ ಬೆರೆಸ್ಲಿ."

"ನಂದೂ," ಎಂದ ದೋಣಿಯವನು.

ಮಾವ ಕಟ್ಟೆಯ ಹಿಂದಿನಿಂದ ಈಚೆ ಬಂದು ಗಿರಾಕಿಗಳ ಸಾಲಿನಲ್ಲಿ ನಿಂತುಕೊಂಡರು. ಅತ್ತೆ ಕಣ್ಣೊರೆಸಿಕೊಂಡು ಕೆಂಪು ಬಾಟಲಿ ಎತ್ತಿದರು.

"ಅದು ಯಾಕೆ ಅಂದ್ರೆ, ಗರಗಸದ ಎಂಜಿನ್ನು..." ಎಂದು ಮಾವ ಶುರುಮಾಡಿದರು.

"ರೀ, ಅಳೀತಾ ಇದೀನಿ," ಎಂದರು ಅತ್ತೆ.

ಮಾವ ಸುಮ್ಮನಾದರು.