ಶೇಷು ಮಾವನ ಕುಂಟು

ಆಗೆಲ್ಲ ಮೈಲಾಪೂರಿನ ನಮ್ಮ ಬೀದಿಗೆ ಸಂಜೆಯಾಯಿತೆಂದರೆ ಎರಡೇ ಗುರುತು: ಕಾಫಿಬೀಜ ಹುರಿಯುವ ವಾಸನೆ, ಶೇಷು ಮಾವನ ಬೂಟಿನ ಟಕಟಕ. ತೊಂಬತ್ತರ ದಶಕ ಮುಗಿಯುತ್ತಿತ್ತು. ಅಮ್ಮನ ಕೊನೇ ತಮ್ಮನಾದ ಈ ಮಾವ ಕಾಲೇಜು ಫುಟ್‌ಬಾಲ್ ಟೀಮಿನ ಹೀರೋ. ಒಂದು ಕಾಲಿಗೆ ಕೆಂಪು ಸಾಕ್ಸ್, ಇನ್ನೊಂದಕ್ಕೆ ಹಳದಿ. ಗೋಲು ಹೊಡೆದರೆ ಮೈದಾನದಲ್ಲೇ ಸಾಷ್ಟಾಂಗ ನಮಸ್ಕಾರ. ಯಾರಾದರೂ ತಾಗಿದರೆ ಸತ್ತವನ ಹಾಗೆ ಬಿದ್ದು, ಕಣ್ಣು ಹೊಡೆದು ಎದ್ದು ಓಡುತ್ತಿದ್ದ. ಅವನು ಬಿದ್ದರೆ ಜನ ನಗುತ್ತಿದ್ದರು.

ಬಿ.ಕಾಂ. ಎರಡು ಸಲ ಕೈಕೊಟ್ಟಿತ್ತು. ಅವನಿಗಿದ್ದ ಸರ್ಟಿಫಿಕೇಟೆಂದರೆ ಎರಡು ಕಾಲು ಮಾತ್ರ. ಮದ್ರಾಸಿನಲ್ಲಿ ಫುಟ್‌ಬಾಲ್ ಆಡಿ ಬದುಕಬೇಕೆಂದರೆ ಯಾವುದಾದರೂ ಆಫೀಸಿನ ಟೀಮು ಸೇರಬೇಕು: ಸಂಜೆ ಆಟ, ತಿಂಗಳ ಸಂಬಳ, ಕೊನೆಗೆ ಪಿಂಚಣಿ. ಅಂಥ ಒಂದು ಟೀಮಿನ ಸೆಲೆಕ್ಷನ್‌ಗೆ ವಾರವಿರುವಾಗ ಮಾವನ ಬಲ ಮೊಣಕಾಲು ಊದಿಕೊಂಡಿತು.

"ಇದೇನ್ಡಾ ಶೇಷು, ಮೊಣಕಾಲಾ ಫುಟ್‌ಬಾಲಾ?" ಎನ್ನುತ್ತ ಅಜ್ಜಿ ಉಪ್ಪಿನ ಶಾಖ ಕೊಟ್ಟಳು.

ಮಾವ ನನ್ನ ಕಡೆ ತಿರುಗಿದ. "ಯಾರ್ಗೂ ಹೇಳ್ಬೇಡ ಕಣೇ ಕುಟ್ಟಿ."

ನನಗೆ ಹನ್ನೊಂದು ವರ್ಷ. "ಹೇಳ್ದೇ ಇದ್ರೆ ಏನ್ ಕೊಡ್ತೀ?"

"ಕೆಲ್ಸ ಸಿಕ್ಕಿದ್ರೆ ಸೈಕಲ್ಲು."

"ಬೆಲ್ಲೂ ಬೇಕು, ಮುಂದ್ಗಡೆ ಬುಟ್ಟೀನೂ ಬೇಕು."

ಸೆಲೆಕ್ಷನ್ ದಿನ ನೀರಿನ ಬಾಟಲಿ ಹಿಡಿದು ನಾನೂ ಹೋದೆ. ಪಕ್ಕದಲ್ಲಿ ಟೀಮಿನ ಮ್ಯಾನೇಜರು ಪೊಟ್ಟಣದ ಕಡಲೆ ಸುಂಡಲ್ ಮೆಲ್ಲುತ್ತಿದ್ದರು. ಹತ್ತು ನಿಮಿಷಕ್ಕೇ ಮಾವ ಕುಂಟಿದ. ಅವರ ಕೈ ಬಾಯಿಯ ಹತ್ತಿರ ನಿಂತಿತು.

"ಏನಮ್ಮಾ, ನಿಮ್ಮಾವ ಕುಂಟ್ತಾ ಇದಾನಾ?" ಎಂದು ತಮಿಳಿನಲ್ಲಿ ಕೇಳಿದರು.

ದೂರದಿಂದ ಮಾವ ನಮ್ಮನ್ನೇ ನೋಡುತ್ತಿದ್ದ.

"ಅದು ಆಕ್ಟಿಂಗ್ ಸಾರ್! ಎದುರಿನವರನ್ನ ಏಮಾರಿಸೋಕೆ."

ಅಷ್ಟರಲ್ಲಿ ಚೆಂಡು ಬಂತು. ಮಾವ ಕುಂಟುತ್ತಲೇ ತಿರುಗಿ ಎಡಗಾಲಲ್ಲಿ ಗೋಲು ಹೊಡೆದ. ಮ್ಯಾನೇಜರು ಸುಂಡಲ್ ಚೆಲ್ಲಿಕೊಂಡು ನಕ್ಕರು. "ಅಬ್ಬಾ, ಎಂಥಾ ನಾಟಕದೋನು!"

ಕೆಲಸ ಸಿಕ್ಕಿತು. ಸೈಕಲ್ಲೂ ಬಂತು.

ಲೀಗಿನ ಮೂರನೇ ಮ್ಯಾಚಿಗೆ ದಾರಿಯುದ್ದಕ್ಕೂ ಬೆಲ್ ಬಾರಿಸುತ್ತ ಹೋಗಿದ್ದೆ. ಯಾರೂ ತಾಗದೆ ಮಾವ ಕುಸಿದ. ಜನ ಶಿಳ್ಳೆ ಹೊಡೆದರು. ಮ್ಯಾನೇಜರು ಎದ್ದು ಚಪ್ಪಾಳೆ ತಟ್ಟಿ, "ಸಾಕು ಏಳಪ್ಪಾ, ಗೋಲ್ ಹೊಡಿ!" ಎಂದರು. ರೆಫರಿಯೂ ನಗುತ್ತಿದ್ದ. ಮಾವ ಅಂಗೈಯಿಂದ ಹುಲ್ಲನ್ನು ಬಡಿಯುತ್ತಿದ್ದ. ಅಲ್ಲಿ ನಿಜ ಗೊತ್ತಿದ್ದವಳು ನಾನೊಬ್ಬಳೇ. ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡೇ ನಿಂತಿದ್ದೆ. ಕೊನೆಗೆ ಓಡಿ ಬಂದವನು ಎದುರು ಟೀಮಿನ ಗೋಲ್‌ಕೀಪರ್.

ಅದೇ ಅವನ ಕೊನೇ ಆಟ. ಮೊದಲು ಊದಿಕೊಂಡಾಗಲೇ ಎರಡು ತಿಂಗಳು ಕಾಲಿಗೆ ವಿಶ್ರಾಂತಿ ಕೊಟ್ಟಿದ್ದರೆ ಸಾಕಿತ್ತು ಎಂದರು ಡಾಕ್ಟರು. ಕೆಲಸವಾದರೂ ಉಳಿಯಿತಲ್ಲ ಎಂದರು ಮನೆಯವರು. ಇವತ್ತಿಗೂ ಗಿಂಡಿ ಬಡಾವಣೆಯ ಅದೇ ಆಫೀಸಿನಲ್ಲಿ ಫೈಲುಗಳ ನಡುವೆ ಇದ್ದಾನೆ.

ನಾನೀಗ ಹಳೇ ಫ್ರಿಜ್ಜು, ವಾಷಿಂಗ್ ಮೆಷಿನ್ನು ಕೊಂಡು ಮಾರುತ್ತೇನೆ. ಚೌಕಾಸಿಯಲ್ಲಿ ನನ್ನನ್ನು ಗೆದ್ದವರು ಕಡಿಮೆ. ಆದರೂ ಬುದ್ಧಿ ಕೇಳಿ ಬರುವ ಹುಡುಗರಿಗೆ ಮೊದಲು ಹೇಳುವುದಿಷ್ಟೇ: ಮಾಲಿನ ಕೊರತೆಯನ್ನು ನೀವೇ ಬಾಯಿಬಿಟ್ಟು ಹೇಳಿ, ರೇಟು ಆಮೇಲೆ. ಗಿರಾಕಿ ಎದ್ದು ಹೋದರೆ ಹೋಗಲಿ.

ಭಾನುವಾರ ಮಾವ ಅಂಗಡಿಗೆ ಬರುತ್ತಾನೆ. ಎರಡೂ ಕಾಲಿಗೆ ಕಪ್ಪು ಸಾಕ್ಸ್. ಮೆಟ್ಟಿಲು ಹತ್ತುವಾಗ ಕುಂಟುತ್ತಾನೆ. ಈಗ ಯಾರೂ ನಗುವುದಿಲ್ಲ.