ಇರು, ಬರ್ತೀನಿ

ತುಮಕೂರಿನಲ್ಲಿ ಶಶಿಕಲಾ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ. ನಾಯಿ ಟೀಚರ್ ಎನ್ನಿ, ಆಟೋದವರೇ ಮನೆ ಬಾಗಿಲಿಗೆ ತಂದು ಬಿಡುತ್ತಾರೆ. ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಿದವಳು, ಮೇಲೆ ಪ್ರಾಣಿಗಳ ನಡವಳಿಕೆಯ ಬಗ್ಗೆ ಇನ್ನೊಂದು ಕೋರ್ಸು. ತಾಯಿ ಶಕುಂತಲಮ್ಮನಿಗೆ ಮಾತ್ರ ಈ ಓದು ಗಂಟಲಲ್ಲಿ ಸಿಕ್ಕ ಮುಳ್ಳು. "ನಾಯಿ ಕಾಯಕ್ಕೆ ಎಂ.ಎ. ಓದಿಸ್ದಂಗಾಯ್ತು, ಯಾರತ್ರ ಹೇಳ್ಕೊಳ್ಲಿ" ಎಂದು ಮನೆಗೆ ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದರು.

ಶಶಿಕಲಾಳ ಬಾಯಿಯೂ ಸಣ್ಣದಲ್ಲ. "ನಾಯೀನ ನಿಮ್ಮತ್ರಾನೇ ಬಿಟ್ಟೋಗ್ತೀವಿ, ತಿದ್ದಿಕೊಡಿ" ಎಂದವರನ್ನು ಹೊಸ್ತಿಲಿಂದಲೇ ವಾಪಸ್ ಕಳಿಸುತ್ತಿದ್ದಳು. ಸಾಕುವವರು ಪಕ್ಕದಲ್ಲಿ ನಿಂತು ಕಲಿಯಬೇಕು, ಕೋಲು ಮುಟ್ಟಬಾರದು. "ನಾಯಿ ಬಾಲ ಎಂದಾದ್ರೂ ನೆಟ್ಟಗಾಗುತ್ತಾ ಮೇಡಂ?" ಎಂದು ಯಾರಾದರೂ ಹಲ್ಲು ಕಿರಿದರೆ, "ಅದು ಡೊಂಕಾಗೇ ಇರ್ಲಿ ಬಿಡಿ, ನೆಟ್ಟಗಾಗ್ಬೇಕಾದೋರು ನೀವು" ಎನ್ನುತ್ತಿದ್ದಳು.

ಗುಬ್ಬಿಯ ನಾಗಭೂಷಣ್ ತನ್ನ ನಾಯಿ ಕೆಂಚನನ್ನು ಕರೆತಂದದ್ದು ಹೀಗೇ ಒಂದು ಭಾನುವಾರ. ಹಾರ್ಡ್‌ವೇರ್ ಅಂಗಡಿಯವನು. ಅವನು ಅಂಗಡಿಗೆ ಹೊರಟರೆ ಸಾಕು, ಕೆಂಚ ಬಾಗಿಲು ಕೆರೆದು, ಊಳಿಟ್ಟು, ಬೀದಿಯವರನ್ನೆಲ್ಲ ಜಗಳಕ್ಕೆ ತರುತ್ತಿತ್ತು.

"ಹೊರಡುವಾಗ ಅದಕ್ಕೆ ಏನಂತೀರಾ?"

"ಇನ್ನೇನಂತಾರೆ ಮೇಡಂ, ಎಲ್ರೂ ಅನ್ನೋದೇ. ಬರ್ತೀನಿ ಅಂತೀನಿ."

ನಮ್ಮ ಕಡೆ ಹೊರಡುವವರು ಹೋಗ್ತೀನಿ ಅನ್ನುವುದಿಲ್ಲ, ಅಪಶಕುನ. ಸಾವಿನ ಮನೆಯಿಂದ ಮಾತ್ರ ಬಾಯಿ ಬಿಡದೆ ಎದ್ದು ಬರುತ್ತೇವೆ. ಉಳಿದಂತೆ ಹೋಗುವುದಕ್ಕೂ ಬರ್ತೀನಿ, ತಪ್ಪಿಸಿಕೊಳ್ಳುವುದಕ್ಕೂ ಬರ್ತೀನಿ. ಕೇಳುವ ಮನುಷ್ಯರಿಗೆ ಒಳಗುಟ್ಟು ಗೊತ್ತು. ನಾಯಿಗೇನು ಗೊತ್ತು, ಪಾಪ!

"ಮಾತಾದ್ಮೇಲೆ ಏನಾಗುತ್ತೋ, ನಾಯಿ ಕಲಿಯೋದು ಅದನ್ನ" ಎಂದು ಶಶಿಕಲಾ ಪಾಠ ಶುರು ಮಾಡಿದಳು. ಕೆಂಚನಿಗೆಂದೇ ಒಂದು ನೀಲಿ ಮ್ಯಾಟು. ಅದರ ಮೇಲೆ ಕೂರಿಸಿ "ಇರು, ಬರ್ತೀನಿ" ಅನ್ನಬೇಕು, ಬಾಗಿಲಾಚೆ ಹೋಗಿ ತಕ್ಷಣ ಬರಬೇಕು, ಬೇಯಿಸಿದ ಕೋಳಿಯ ಒಂದು ಚೂರು ಕೊಟ್ಟು "ಸಾಕು, ಬಾ" ಎಂದು ಎಬ್ಬಿಸಬೇಕು. ಹೋಗಿ ಬರುವ ಹೊತ್ತನ್ನು ದಿನದಿನಕ್ಕೆ ಚೂರುಚೂರೇ ಹಿಗ್ಗಿಸಬೇಕು. ಎಬ್ಬಿಸುವ ದನಿ ಯಜಮಾನನದೇ ಆಗಿರಬೇಕು. ದಾರಿಹೋಕರು ಕರೆದರೆಲ್ಲ ಎದ್ದು ಹೋಗುವ ನಾಯಿ ಯಾರಿಗೆ ಬೇಕು? "ಬರ್ತೀನಿ ಅಂದ್ಮೇಲೆ ಬರ್ಲೇಬೇಕು ನಾಗಭೂಷಣ್. ಒಂದ್ಸಲ ತಪ್ಪಿದ್ರೂ ಕೆಟ್ಟೋಗುತ್ತೆ."

ಅವನು ತಪ್ಪಲಿಲ್ಲ, ಅದನ್ನು ಹೇಳಲೇಬೇಕು. ಬೇಸಿಗೆ ಮುಗಿಯುವಷ್ಟರಲ್ಲಿ ಕೆಂಚ ಮ್ಯಾಟಿನ ಮೇಲೆ ಕೂತರೆ ಕೂತಿತು. ಯಜಮಾನ ಸಂಜೆ ಬರುವವರೆಗೂ ಸೊಲ್ಲಿಲ್ಲ. ಶಶಿಕಲಾ ಹಿಗ್ಗಿ ಹೀರೇಕಾಯಿಯಾದಳು. ಹೊಸದಾಗಿ ಬಂದವರಿಗೆಲ್ಲ ಕೆಂಚನ ವಿಡಿಯೋ ತೋರಿಸುವುದೇ ತೋರಿಸುವುದು. ಶಕುಂತಲಮ್ಮ ಕೂಡ ಒಮ್ಮೆ ಇಣುಕಿ ನೋಡಿ, "ಮನುಷ್ಯರೇ ಇಷ್ಟು ಮಾತು ಕೇಳಲ್ಲ" ಎಂದಿದ್ದರು.

ಆಮೇಲೊಂದು ಬೆಳಿಗ್ಗೆ ಹುತ್ರಿದುರ್ಗದಿಂದ ಫೋನು ಬಂತು. ಬೆಟ್ಟದ ಬುಡದಲ್ಲಿ ಟೀ ಅಂಗಡಿ ಇಟ್ಟಿರುವ ಬೀರಯ್ಯ. ಕೆಂಚನ ಕೊರಳಪಟ್ಟಿಯಲ್ಲಿ, ಪಾಠದ ದಿನಗಳಲ್ಲಿ ಬರೆದಿದ್ದ ಶಶಿಕಲಾಳ ನಂಬರು ಹಾಗೇ ಇತ್ತು.

"ನಿನ್ನೆ ಯಾರೋ ಕಾರ್ನಲ್ಲಿ ಬಂದು ಬುಟ್ಟೋದ್ರು ಕಣವ್ವ. ಅದೇನೋ ನೀಲಿ ಮ್ಯಾಟ್ ಮೇಲೆ ಕುಂತದೆ. ಬನ್ ಹಾಕುದ್ರೂ ಏಳಾಕಿಲ್ಲ."

ಕುಣಿಗಲ್ ದಾಟುವಾಗ ಸ್ಕೂಟರ್ ನಿಲ್ಲಿಸಿ ನಾಗಭೂಷಣನಿಗೆ ಫೋನ್ ಮಾಡಿದಳು. ಅವನಿಗೆ ಮುಜುಗರವೂ ಇರಲಿಲ್ಲ. "ಹೊಸ ಮನೆ ಮೇಡಂ. ಗ್ರಾನೈಟ್ ಮೇಲೆಲ್ಲ ಉಗುರಲ್ಲಿ ಗೀರಾಕ್ತದೆ, ನಮ್ಮನೆಯೋರ್ದು ಒಂದೇ ಹಠ. ಅಲ್ಲಿ ಊರೋರು ಅನ್ನ ಹಾಕ್ತಾರೆ ಬುಡಿ."

"ಕಾರಿನ ಹಿಂದೆ ಓಡಿ ಬರ್ಲಿಲ್ವಾ ಅದು?"

"ಎಲ್ಲಿ ಬರ್ತದೆ? ಮ್ಯಾಟ್ ಹಾಸ್ದೆ, ಇರು ಬರ್ತೀನಿ ಅಂದೆ. ಮಿಸುಕ್ಲಿಲ್ಲ. ನಿಮ್ ಟ್ರೇನಿಂಗ್ ಸೂಪರ್ ಮೇಡಂ!"

ಥೂ, ಅವನ ಬಾಯಿಗೆ ಮಣ್ಣು ಹಾಕ. ಹೊಗಳಿಕೆಯೆಂದೇ ಆಡಿದ ಮಾತದು. ಬೈಯಲು ಬಾಯಿ ತೆರೆದ ಶಶಿಕಲಾ ಫೋನನ್ನೇ ಕಟ್ ಮಾಡಿದಳು. ಹೊಡೆದು ಬೆಳೆಸಿದ ನಾಯಿಯಾಗಿದ್ದರೆ ಕಾರಿನ ಹಿಂದೆ ಓಡಿಯಾದರೂ ಓಡುತ್ತಿತ್ತು.

ಹುತ್ರಿದುರ್ಗ ತಲುಪುವಷ್ಟರಲ್ಲಿ ಬಿಸಿಲು ಬಂದಿತ್ತು. ಕೆಂಚ ರಸ್ತೆಯ ಕಡೆ ಮುಖ ಮಾಡಿ ಕೂತಿತ್ತು. ಅವಳನ್ನು ಕಂಡು ಬಾಲ ಆಡಿಸಿತು, ಏಳಲಿಲ್ಲ. "ಸಾಕು, ಬಾ" ಎಂದಳು. ಬೇಡಿಕೊಂಡಳು. ಬೀರಯ್ಯನೂ ಕೈ ಹಾಕಿ ಎತ್ತಿದ. ಕೊಸರಿಕೊಂಡು ಇಳಿದು ಮತ್ತೆ ಮ್ಯಾಟಿಗೇ ಬಂದು ಕೂತಿತು. ಅದರ ನಾಲಿಗೆ ಒಣಗಿತ್ತು.

ಸ್ಪೀಕರ್ ಹಾಕಿ ಮತ್ತೆ ನಾಗಭೂಷಣನಿಗೆ ಫೋನ್ ಮಾಡಿದಳು. "ನೀವು ಸಾಕ್ಬೇಡಿ, ನಾನೇ ಇಟ್ಕೊಳ್ತೀನಿ. ನಿಮ್ಮ ಬಾಯಲ್ಲಿ 'ಸಾಕು, ಬಾ' ಅನ್ನಿ, ಅಷ್ಟು ಸಾಕು. ಕೈ ಮುಗೀತೀನಿ."

"ಅಂಗಡೀಲಿ ಗಿರಾಕಿಗಳವ್ರೆ ಮೇಡಂ, ಅವರೆದ್ರಿಗೆ ಫೋನ್ನಲ್ಲಿ ನಾಯಿ ಕರೀಲಾ? ಆಯ್ತು ಬುಡಿ, ಬರ್ತೀನಿ."

ಫೋನು ಕಟ್ಟಾಯಿತು.

"ಹಂಗಂದ ಅಂದ್ರೆ ಬರಾಕಿಲ್ಲ ಬುಡವ್ವ" ಎಂದ ಬೀರಯ್ಯ.

ಕೆಂಚ ಮಾತ್ರ ಕಿವಿ ನಿಮಿರಿಸಿತು. ಬಾಲದಿಂದ ಮ್ಯಾಟನ್ನು ಪಟಪಟ ಬಡಿಯಿತು. ಶಶಿಕಲಾಳ ಕೈಯಲ್ಲಿದ್ದ ಫೋನನ್ನು ಒಮ್ಮೆ ನೋಡಿ, ರಸ್ತೆಯ ಕಡೆ ತಿರುಗಿ, ಅವಳು ಕಲಿಸಿದ ಹಾಗೆಯೇ ಬೆನ್ನು ನೆಟ್ಟಗೆ ಮಾಡಿ ಕೂತಿತು.