ರೇಡಾರ್ ಮೇಡಂದು, ಮಾಡೆಲ್ ನನ್ನದು

ಆಕಾಶಕ್ಕೆ ನೇರವಾಗಿ ಮುಖ ಮಾಡಿದ ರೇಡಾರ್, ಮೇಲಿನ ಗಾಳಿ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಅಳೆಯುತ್ತದೆ. ಹವಾಮಾನದ ಮಾಡೆಲ್ ಅದನ್ನೇ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಹೇಳುತ್ತದೆ. ಎರಡನ್ನೂ ಹೋಲಿಸಿ ನೋಡುವುದು ನಮ್ಮ ಕೆಲಸವಾಗಿತ್ತು. ರೇಡಾರ್ ಮೇಡಂ ಅವರದು, ಮಾಡೆಲ್ ನನ್ನದು. ಮೇಡಂ ನನಗಿಂತ ಬಹಳ ಹಿರಿಯರು. ಈ ಕೆಲಸ ಕಲಿಸಿದವರೂ ಅವರೇ. ಮಳೆಗಾಲದಲ್ಲಿ ನನ್ನ ಮಾಡೆಲ್ ಗಾಳಿ ಏರುತ್ತಿದೆ ಎಂದರೆ ಅವರ ರೇಡಾರ್ ಇಳಿಯುತ್ತಿದೆ ಎನ್ನುತ್ತಿತ್ತು. "ನಿನ್ ಮಾಡೆಲ್ ಕಿಟಕಿ ತೆಗೆದು ನೋಡೋದೇ ಇಲ್ಲ," ಎಂದು ಅವರು ಛೇಡಿಸುತ್ತಿದ್ದರು.

ಕ್ಯಾನ್ಸರ್ ಬಂದು ಅವರು ಆಫೀಸಿಗೆ ಬರುವುದು ನಿಂತ ಮೇಲೆ, ನಾನೇ ಬನಶಂಕರಿಯಿಂದ ಪುಟ್ಟೇನಹಳ್ಳಿಯ ಅವರ ಮನೆಗೆ ಲ್ಯಾಪ್‌ಟಾಪ್ ಹೊತ್ತು ಹೋಗತೊಡಗಿದೆ. ಒಂದು ಮಧ್ಯಾಹ್ನ ದಿಂಬಿಗೆ ಒರಗಿ ಗ್ರಾಫ್ ನೋಡುತ್ತಿದ್ದವರು ನನ್ನ ಕೈ ಹಿಡಿದು ತಡೆದರು. ಪಶ್ಚಿಮದ ಗಾಳಿ ಜೋರಾಗಿದ್ದ ದಿನಗಳಲ್ಲೇ ವ್ಯತ್ಯಾಸ ಹೆಚ್ಚಾಗಿತ್ತು.

"ನನ್ ರೇಡಾರೇ ಸ್ವಲ್ಪ ವಾಲಿದೆ ಕಣೇ," ಎಂದರು. "ಅಡ್ಡಗಾಳೀನ ಇಳಿಯೋ ಗಾಳಿ ಅಂತ ತೋರಿಸ್ತಿದೆ. ಇಷ್ಟು ವರ್ಷ ಸುಮ್ನೆ ನಿನ್ ಮಾಡೆಲ್‌ನ ಬೈದೆ."

"ಇರಲಿ ಬಿಡಿ ಮೇಡಂ."

"ಇರಲಿ ಅಂದ್ರೆ ಹೇಗೆ? ಸರಿ ಮಾಡಿ ಮತ್ತೆ ಹೋಲಿಸು. ನಾನು ನೋಡ್ಬೇಕು."

ರೇಡಾರ್ ವಾಲಿದ್ದರಿಂದ ಆದ ತಪ್ಪನ್ನು ಹಳೆಯ ಅಳತೆಗಳಿಂದ ತೆಗೆಯಲು ನನಗೆ ವಾರಗಳೇ ಹಿಡಿದವು. ಮಾಮೂಲಿ ದಿನಗಳಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಮಾತು ಹೇಳಿದವು. ಗುಡುಗು ಮಳೆಯ ದಿನಗಳಲ್ಲಿ ಮಾತ್ರ, ರೇಡಾರ್ ಕಂಡ ರಭಸದ ಏರುಗಾಳಿ ಮಾಡೆಲ್‌ನಲ್ಲಿ ಇರಲೇ ಇಲ್ಲ. ಮಾಡೆಲ್ ಹೇಳುವುದು ವಿಶಾಲ ಪ್ರದೇಶದ ಸರಾಸರಿ. ಒಂದೇ ಮೋಡದೊಳಗೆ ನಡೆಯುವುದು ಅದಕ್ಕೆ ಕಾಣುವುದಿಲ್ಲ. ಪ್ರಿಂಟ್ ತೆಗೆದುಕೊಂಡು ಅಂದೇ ಪುಟ್ಟೇನಹಳ್ಳಿಗೆ ಹೋದೆ.

ಅಷ್ಟರಲ್ಲಿ ಅವರಿಗೆ ಮಾತು ನಿಂತಿತ್ತು. ಬಾಗಿಲು ತೆಗೆದ ಅವರ ಯಜಮಾನರು ಗ್ರಾಫನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದ್ರಲ್ಲಿ ಅವಳದ್ದು ಸರಿ ಇದ್ಯೇನಮ್ಮ?"

"ಗುಡುಗು ಮಳೆ ದಿನ ಅವರದ್ದೇ ಸರಿ ಸಾರ್."

ಅವರು ಒಳಗೆ ಹೋಗಿ, ಹೆಂಡತಿಯ ಕಿವಿಯ ಹತ್ತಿರ ಬಗ್ಗಿ ಅದನ್ನೇ ಹೇಳಿದರು. ಮೇಡಂ ಕಣ್ಣು ತೆರೆಯಲಿಲ್ಲ. ಇನ್ನೊಮ್ಮೆ, ಸ್ವಲ್ಪ ಜೋರಾಗಿ ಹೇಳಿದರು. ಬಾಗಿಲಲ್ಲಿ ನಿಂತಿದ್ದ ನನಗೆ ಅಳು ತಡೆಯಲಾಗಲಿಲ್ಲ. ಆ ವಾರವೇ ಮೇಡಂ ತೀರಿಕೊಂಡರು.

ಈಗ ಎರಡನ್ನೂ ನಾನೊಬ್ಬಳೇ ನೋಡುತ್ತೇನೆ. ಜಗಳವಾಡಲು ಯಾರೂ ಇಲ್ಲ. ಸಂಜೆ ಮೋಡ ಕಟ್ಟಿದರೆ ಕೆಲವೊಮ್ಮೆ ಮೇಡಂ ಅವರ ಯಜಮಾನರು ಫೋನ್ ಮಾಡುತ್ತಾರೆ.

"ಗಾಳಿ ಮೇಲಕ್ಕೆ ಹೋಗ್ತಿದ್ಯೇನಮ್ಮ?"

ನೋಡಿ ಹೇಳುತ್ತೇನೆ. "ಸರಿ," ಎನ್ನುತ್ತಾರೆ. ಆಮೇಲೂ ಸ್ವಲ್ಪ ಹೊತ್ತು ಫೋನ್ ಇಡುವುದಿಲ್ಲ.